ಕೆಲಸ: ಎತ್ತಿದ ಭಾರ, ಏರಿದ ಎತ್ತರ

ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಬೆಂಗಳೂರಿಗೆ ಕಾವೇರಿ ನೀರು ಬರುವ ದಾರಿ ಸುಮಾರು 100 ಕಿಲೋಮೀಟರ್. ಈ ದಾರಿಯಲ್ಲಿ ನಿಜಕ್ಕೂ ದುಬಾರಿಯಾದದ್ದು ಏರು. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಹೀಗೆ ಮೂರು ಕಡೆ ಪಂಪುಗಳು ನೀರನ್ನು ಮೇಲಕ್ಕೆ ದಬ್ಬುತ್ತವೆ. ಪೈಪಿನೊಳಗಿನ ಘರ್ಷಣೆಗೆ ತೆರಬೇಕಾದದ್ದನ್ನೂ ಎತ್ತರದ ಲೆಕ್ಕಕ್ಕೇ ಸೇರಿಸಿಕೊಂಡರೆ ಒಟ್ಟು ಏರು ಸುಮಾರು 500 ಮೀಟರ್. ಸಾವಿರ ಲೀಟರ್ ನೀರಿನ ರಾಶಿ 1,000 ಕಿಲೋಗ್ರಾಂ, ತೂಕ 9,800 ನ್ಯೂಟನ್. ಆ ತೂಕವನ್ನು 500ರಿಂದ ಗುಣಿಸಿದರೆ 49 ಲಕ್ಷ. ಎಂದರೆ, ಒಂದು ತಾರಸಿ ಟ್ಯಾಂಕಿನಷ್ಟು ನೀರು ನಗರ ಮುಟ್ಟುವ ಹೊತ್ತಿಗೆ ಪಂಪುಗಳು ಅದರ ಮೇಲೆ ಸುಮಾರು 49 ಲಕ್ಷ ಜೌಲ್ ಕೆಲಸ ಮಾಡಿರುತ್ತವೆ.

ಭೌತವಿಜ್ಞಾನದಲ್ಲಿ ಕೆಲಸದ ವ್ಯಾಖ್ಯೆ ಚಿಕ್ಕದು. ಬಲ ವರ್ತಿಸುತ್ತಿರುವಾಗ ವಸ್ತು ಆ ಬಲದ ದಿಕ್ಕಿನಲ್ಲಿ ಎಷ್ಟು ದೂರ ಸರಿಯಿತೋ, ಆ ದೂರವನ್ನು ಬಲದಿಂದ ಗುಣಿಸಿದಾಗ ಬರುವ ಮೊತ್ತವೇ ಕೆಲಸ. ಬಲವನ್ನು ನ್ಯೂಟನ್‌ನಲ್ಲೂ ದೂರವನ್ನು ಮೀಟರಿನಲ್ಲೂ ಅಳೆದರೆ ಕೆಲಸ ಜೌಲ್‌ನಲ್ಲಿ ಸಿಗುತ್ತದೆ. ಜೌಲ್ ತೀರ ಸಣ್ಣ ಮಾನ. ನೂರು ಗ್ರಾಂಗಿಂತ ತುಸು ಹೆಚ್ಚು ತೂಗುವ ವಸ್ತುವನ್ನು ಒಂದು ಮೀಟರ್ ಎತ್ತಿದರೆ ಒಂದು ಜೌಲ್ ಮುಗಿಯಿತು. ಹೀಗಾಗಿ ಬದುಕಿನ ಲೆಕ್ಕಗಳಲ್ಲಿ ಲಕ್ಷ, ಕೋಟಿಗಳು ಬೇಗ ಬಂದುಬಿಡುತ್ತವೆ. ವಿದ್ಯುತ್ ಬಿಲ್ಲಿನಲ್ಲಿ ಕಾಣುವ ಒಂದು ಯೂನಿಟ್ 36 ಲಕ್ಷ ಜೌಲ್‌ಗೆ ಸಮ. ಮೇಲಿನ ಸಾವಿರ ಲೀಟರಿಗೆ 1.36 ಯೂನಿಟ್ ಬೇಕು. ಕಾವೇರಿ ಯೋಜನೆಯ ಮೊದಲ ನಾಲ್ಕು ಹಂತಗಳು ದಿನಕ್ಕೆ ಕೊಡುವ ಸುಮಾರು 145 ಕೋಟಿ ಲೀಟರಿಗೆ ಇದೇ ಲೆಕ್ಕ ಹಿಡಿದರೆ ದಿನವೊಂದಕ್ಕೆ 20 ಲಕ್ಷ ಯೂನಿಟ್‌ನ ಹತ್ತಿರ ಹೋಗುತ್ತದೆ. ಪಂಪು, ಮೋಟಾರುಗಳು ಚೂರೂ ಪೋಲು ಮಾಡುವುದಿಲ್ಲ ಎಂದುಕೊಂಡಾಗಿನ ಮಾತು ಇದು. ಅಂಥ ಪಂಪನ್ನು ಯಾರೂ ಮಾಡಿಲ್ಲ.

ಬಲವನ್ನು ದೂರದಿಂದಲೇ ಏಕೆ ಗುಣಿಸಬೇಕು, ಕಾಲದಿಂದ ಏಕೆ ಗುಣಿಸಬಾರದು ಎಂಬ ಪ್ರಶ್ನೆಯನ್ನು ಶಾಲೆಯ ಪಠ್ಯಗಳು ಸಾಮಾನ್ಯವಾಗಿ ಎತ್ತುವುದಿಲ್ಲ. ಸೂತ್ರ ಕೊಟ್ಟು ಉದಾಹರಣೆಗೆ ಹೋಗಿಬಿಡುತ್ತವೆ. ಆದರೆ ಈ ಗುಣಾಕಾರ ಯಾವನೋ ತತ್ತ್ವಜ್ಞಾನಿಯ ತಲೆಯಿಂದ ಇಳಿದು ಬಂದದ್ದಲ್ಲ. ನೀರು ಎತ್ತುವವರು, ಎತ್ತಿಸುವವರು, ಎತ್ತಿದ್ದಕ್ಕೆ ದುಡ್ಡು ಕೊಡುವವರು ಒಂದೂವರೆ ಶತಮಾನ ಚೌಕಾಸಿ ಮಾಡಿ ಕಂಡುಕೊಂಡ ಲೆಕ್ಕ ಇದು.

ಗಣಿಯ ನೀರು, ಕುದುರೆಯ ಲೆಕ್ಕ

ಇಂಗ್ಲೆಂಡಿನ ಗಣಿಗಳು ಆಳಕ್ಕೆ ಇಳಿದಂತೆಲ್ಲ ನೀರು ತುಂಬಿಕೊಳ್ಳುತ್ತಿತ್ತು. ಕುದುರೆಗಳನ್ನು ಗಾಣದ ಎತ್ತಿನಂತೆ ಸುತ್ತಿಸಿ ನೀರು ಹೊರಹಾಕುತ್ತಿದ್ದ ಕಾಲದಲ್ಲಿ, 1712ರ ಸುಮಾರಿಗೆ, ಥಾಮಸ್ ನ್ಯೂಕಮೆನ್‌ನ ಉಗಿ ಎಂಜಿನ್ ಬಂತು. ಎಂಜಿನ್ ಕೊಳ್ಳುವ ಗಣಿಯ ಧಣಿಗೆ ಬೇಕಿದ್ದದ್ದು ಒಂದೇ ಮಾಹಿತಿ: ಇಷ್ಟು ಕಲ್ಲಿದ್ದಲು ಸುಟ್ಟರೆ ಎಷ್ಟು ನೀರು, ಎಷ್ಟು ಆಳದಿಂದ ಮೇಲೆ ಬರುತ್ತದೆ? ಹತ್ತು ಅಡಿಯಿಂದ ನೂರು ಪೌಂಡ್ ಎತ್ತುವುದೂ ನೂರು ಅಡಿಯಿಂದ ಹತ್ತು ಪೌಂಡ್ ಎತ್ತುವುದೂ ಇದ್ದಲಿನ ಖರ್ಚಿನಲ್ಲಿ ಒಂದೇ ಎಂಬುದು ಅನುಭವದಿಂದ ತಿಳಿದಿತ್ತು. ತೂಕ ಮತ್ತು ಎತ್ತರಗಳ ಗುಣಲಬ್ಧ ಅಲ್ಲಿಂದಲೇ ಅಳತೆಗೋಲಾಯಿತು.

ಜಾನ್ ಸ್ಮೀಟನ್ ಎಂಬ ಎಂಜಿನಿಯರ್ ಇದೇ ಅಳತೆಯನ್ನು ನೀರಿನ ಚಕ್ರಗಳಿಗೆ ಹಚ್ಚಿದ. ಸಣ್ಣ ಮಾದರಿ ಚಕ್ರಗಳನ್ನು ಮಾಡಿಕೊಂಡು, ಬೀಳುವ ನೀರು ಎಷ್ಟು ಭಾರವನ್ನು ಎಷ್ಟು ಎತ್ತರಕ್ಕೆ ಏರಿಸುತ್ತದೆ ಎಂದು ಅಳೆದು, 1759ರಲ್ಲಿ ರಾಯಲ್ ಸೊಸೈಟಿಯ ಮುಂದಿಟ್ಟ. ಮೇಲಿಂದ ನೀರು ಬೀಳುವ ಚಕ್ರ, ಕೆಳಗಿನ ಹರಿವಿಗೆ ಸಿಕ್ಕಿ ತಿರುಗುವ ಚಕ್ರಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು ಲಾಭದಾಯಕ ಎಂಬ ಅವನ ತೀರ್ಮಾನ ಗಿರಣಿ ಕಟ್ಟುವವರ ದಾರಿಯನ್ನೇ ಬದಲಿಸಿತು.

ಜೇಮ್ಸ್ ವ್ಯಾಟ್‌ನದು ವ್ಯಾಪಾರಿಯ ತೊಂದರೆ. ಗಿರಣಿಗಳಲ್ಲಿ ಅವನ ಎಂಜಿನ್ನು ಕುದುರೆಯ ಜಾಗಕ್ಕೆ ಬರಬೇಕಿತ್ತು. ಎಷ್ಟು ಕುದುರೆಯ ಬದಲಿಗೆ ಎಂದು ಹೇಳದೆ ಬೆಲೆ ಕಟ್ಟುವಂತಿರಲಿಲ್ಲ. ಗಾಣ ಸುತ್ತುವ ಕುದುರೆ 12 ಅಡಿ ತ್ರಿಜ್ಯದ ವೃತ್ತದಲ್ಲಿ, 180 ಪೌಂಡ್ ಬಲ ಹಾಕಿ, ಗಂಟೆಗೆ 144 ಸುತ್ತು ಹಾಕುತ್ತದೆ ಎಂದು ಹಿಡಿದು ಲೆಕ್ಕ ಮಾಡಿದರೆ ನಿಮಿಷಕ್ಕೆ 32,572 ಅಡಿ-ಪೌಂಡ್ ಬರುತ್ತದೆ. ಅದನ್ನು 33,000ಕ್ಕೆ ಏರಿಸಿ ಅಶ್ವಶಕ್ತಿ ಎಂದು ಹೆಸರಿಟ್ಟದ್ದು ವ್ಯಾಟ್. ಇಂದಿನ ಲೆಕ್ಕದಲ್ಲಿ ಇದು 746 ವ್ಯಾಟ್. ಬಡಪಾಯಿ ಕುದುರೆ ದಿನವಿಡೀ ಈ ಪ್ರಮಾಣದಲ್ಲಿ ದುಡಿಯಲಾರದು ಎಂಬ ಆಕ್ಷೇಪ ಅಂದಿನಿಂದಲೂ ಇದೆ. ಎಂಜಿನ್ ಕೊಂಡವನಿಗೆ ತಾನು ಮೋಸ ಹೋದೆ ಎನ್ನಿಸಬಾರದೆಂದೋ ಏನೋ, ಮಾನವನ್ನು ಧಾರಾಳವಾಗಿಯೇ ಇಟ್ಟಂತಿದೆ. ಅದೇನೇ ಇರಲಿ, ತೋಟದ ಪಂಪ್‌ಸೆಟ್ಟಿಗೆ ಇವತ್ತಿಗೂ ಎಚ್.ಪಿ. ಲೆಕ್ಕದಲ್ಲೇ ಮೋಟಾರು ಕೊಳ್ಳುವುದು.

ಕಾರ್ನ್‌ವಾಲ್ ಪ್ರಾಂತ್ಯದ ತವರ ಮತ್ತು ತಾಮ್ರದ ಗಣಿಗಳಲ್ಲಿ ಈ ಲೆಕ್ಕ ಪಂದ್ಯದ ಮಟ್ಟಕ್ಕೆ ಹೋಯಿತು. ಒಂದು ಬುಶೆಲ್ ಕಲ್ಲಿದ್ದಲಿಗೆ ಎಷ್ಟು ಪೌಂಡ್ ನೀರನ್ನು ಒಂದು ಅಡಿ ಎತ್ತಲಾಯಿತು ಎಂಬುದನ್ನು ಎಂಜಿನ್ ಎಂಜಿನ್ನಿಗೂ ಅಳೆದು, 1811ರಿಂದ ಪ್ರತಿ ತಿಂಗಳೂ ಅಚ್ಚು ಹಾಕಿಸಿ ಹಂಚುತ್ತಿದ್ದರು. ವ್ಯಾಟ್‌ನ ಎಂಜಿನ್ನುಗಳದು ಸುಮಾರು 2 ಕೋಟಿ ಅಡಿ-ಪೌಂಡ್. 1835ರಲ್ಲಿ ಫೋವಿ ಕಾನ್ಸಲ್ಸ್ ಗಣಿಯ ಎಂಜಿನ್ನೊಂದು 12 ಕೋಟಿ ದಾಟಿತು. ಕಾರ್ನ್‌ವಾಲಿನ ಗಣಿಗಾರರೂ ಅವರ ಪದ್ಧತಿಗಳೂ ಮುಂದೆ ಜಾನ್ ಟೇಲರ್ ಕಂಪನಿಯ ಜೊತೆ ಕೋಲಾರದ ಚಿನ್ನದ ಗಣಿಗೆ ಬಂದವು. ಅಲ್ಲಿ ಭಾರ ಎತ್ತುವ ಲೆಕ್ಕ ಇನ್ನೂ ದೊಡ್ಡದಾಯಿತು. ಚಾಂಪಿಯನ್ ರೀಫ್ ಗಣಿ ಕೊನೆಗೆ 3 ಕಿಲೋಮೀಟರಿಗೂ ಆಳಕ್ಕೆ ಇಳಿಯಿತು. 3,000 ಮೀಟರ್ ಆಳದಿಂದ ಒಂದು ಟನ್ ಅದಿರು ಮೇಲೆ ತರಲು ಕನಿಷ್ಠ 2 ಕೋಟಿ 94 ಲಕ್ಷ ಜೌಲ್, ಅಂದರೆ 8 ಯೂನಿಟ್‌ಗೆ ಮೇಲೆ. ಕಲ್ಲಿದ್ದಲು ದೂರದಿಂದ ಬರಬೇಕಿದ್ದ ಊರಿನಲ್ಲಿ ಇದು ಸಣ್ಣ ಖರ್ಚಲ್ಲ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕೆ.ಜಿ.ಎಫ್‌ಗೆ ವಿದ್ಯುತ್ ಕೊಟ್ಟದ್ದರ ಹಿಂದೆ ಈ ಗಣಿತ ಇತ್ತು: ಕಾವೇರಿಯ ನೀರು ಒಂದು ಕಡೆ ಇಳಿಯುತ್ತಾ ಮಾಡಿದ ಕೆಲಸ ಇನ್ನೊಂದು ಕಡೆ ಅದಿರನ್ನು ಏರಿಸಿತು.

ಎಂಜಿನಿಯರುಗಳ ಈ ರೂಢಿಯನ್ನು ಯಂತ್ರಶಾಸ್ತ್ರದ ಒಳಕ್ಕೆ ತಂದು, ಅದಕ್ಕೆ ‘ಕೆಲಸ’ ಎಂಬ ಅರ್ಥದ ಫ್ರೆಂಚ್ ಹೆಸರನ್ನು ಖಾಯಂ ಮಾಡಿದವನು ಗಸ್ಪಾರ್ ಗುಸ್ತಾವ್ ಕೊರಿಯೊಲಿ. ಯಂತ್ರಗಳ ಫಲಿತಾಂಶದ ಗಣನೆ ಕುರಿತ ಅವನ ಪುಸ್ತಕ ಬಂದದ್ದು 1829ರಲ್ಲಿ. ಸಾವಿರ ಕಿಲೋಗ್ರಾಂ ಭಾರವನ್ನು ಒಂದು ಮೀಟರ್ ಎತ್ತುವ ಕೆಲಸಕ್ಕೆ ‘ಡೈನಮೋಡ್’ ಎಂಬ ಮಾನವನ್ನೂ ಅವನು ಸೂಚಿಸಿದ್ದ; ಅದನ್ನು ಯಾರೂ ಕೈಗೆತ್ತಿಕೊಳ್ಳಲಿಲ್ಲ. ಅದೇ ಕಾಲದಲ್ಲಿ ಜಾನ್ ವಿಕ್ಟರ್ ಪೊನ್ಸ್‌ಲೆ ಕೂಡ ಇದೇ ದಾರಿಯಲ್ಲಿದ್ದ.

ದಣಿವು ಬೇರೆ, ಕೆಲಸ ಬೇರೆ

ವ್ಯಾಖ್ಯೆಯನ್ನು ಒಪ್ಪಿಕೊಂಡರೆ ಕೆಲವು ವಿಚಿತ್ರಗಳನ್ನೂ ಒಪ್ಪಿಕೊಳ್ಳಬೇಕಾಗುತ್ತದೆ. ರೈಲಿಗಾಗಿ ಕಾಯುತ್ತಾ 30 ಕಿಲೋ ಪೆಟ್ಟಿಗೆ ತಲೆಯ ಮೇಲಿಟ್ಟುಕೊಂಡು ಅರ್ಧ ಗಂಟೆ ನಿಂತ ಹಮಾಲಿ ಪೆಟ್ಟಿಗೆಯ ಮೇಲೆ ಮಾಡಿದ ಕೆಲಸ ಸೊನ್ನೆ. ಸಮತಟ್ಟಾದ ಪ್ಲಾಟ್‌ಫಾರಂ ಮೇಲೆ ಒಂದೇ ವೇಗದಲ್ಲಿ ನಡೆದರೂ ಲೆಕ್ಕ ಬದಲಾಗುವುದಿಲ್ಲ: ಅವನು ಕೊಡುವ ಬಲ ಮೇಲ್ಮುಖ, ಪೆಟ್ಟಿಗೆ ಸಾಗುವುದು ಅಡ್ಡಕ್ಕೆ. ಬಲಕ್ಕೆ ಲಂಬವಾದ ಚಲನೆ ಎಷ್ಟೇ ದೂರ ಆಗಲಿ, ಕೆಲಸದ ಖಾತೆಗೆ ಏನೂ ಸೇರದು. ವೃತ್ತಾಕಾರದ ಕಕ್ಷೆಯಲ್ಲಿ ಸುತ್ತುವ ಉಪಗ್ರಹದ ಮೇಲೆ ಭೂಮಿಯ ಗುರುತ್ವ ಕೆಲಸ ಮಾಡದಿರುವುದಕ್ಕೂ ಇದೇ ಕಾರಣ. ಅದಕ್ಕೇ ಅದರ ವೇಗ ಹೆಚ್ಚೂ ಆಗದು, ಕಡಿಮೆಯೂ ಆಗದು. ಕಾಂತಕ್ಷೇತ್ರವು ವಿದ್ಯುದಾವೇಶವುಳ್ಳ ಕಣದ ದಾರಿಯನ್ನು ಬಾಗಿಸಬಲ್ಲದು, ಅದರ ಶಕ್ತಿಯನ್ನು ಹೆಚ್ಚಿಸಲಾರದು.

ಹಾಗಾದರೆ ಹಮಾಲಿಗೆ ಬೆವರು ಏಕೆ? ಉತ್ತರ ಸ್ನಾಯುವಿನಲ್ಲಿದೆ. ಕಲ್ಲಿನ ಕಂಬ ಚಾವಣಿಯನ್ನು ಏನೂ ಖರ್ಚಿಲ್ಲದೆ ಹೊತ್ತಿರುತ್ತದೆ. ಸ್ನಾಯುವಿಗೆ ಆ ಸೌಲಭ್ಯವಿಲ್ಲ. ಬಿಗಿ ಹಿಡಿದ ಸ್ನಾಯುವಿನ ಒಳಗೆ ಮಯೋಸಿನ್ ಎಂಬ ಪ್ರೋಟೀನಿನ ಸೂಕ್ಷ್ಮ ತುದಿಗಳು ಆಕ್ಟಿನ್ ಎಳೆಗಳನ್ನು ಹಿಡಿದು ಎಳೆಯುವುದು, ಬಿಡುವುದು, ಮತ್ತೆ ಹಿಡಿಯುವುದು ನಡೆದೇ ಇರುತ್ತದೆ. ಪ್ರತಿ ಸಲವೂ ಜೀವಕೋಶದ ಇಂಧನವಾದ ಎ.ಟಿ.ಪಿ. ಖರ್ಚಾಗುತ್ತದೆ, ಶಾಖ ಹೊರಬೀಳುತ್ತದೆ. ದೇಹದ ಒಳಗೆ ಶಕ್ತಿಯ ವ್ಯಯವಿದೆ. ಪೆಟ್ಟಿಗೆಗೆ ಅದರಲ್ಲಿ ಏನೂ ದಕ್ಕುವುದಿಲ್ಲ. ಕೆಲಸ ಎಂಬ ಪರಿಮಾಣ ಅಳೆಯುವುದು ದಕ್ಕಿದ್ದನ್ನು ಮಾತ್ರ. ಕೂಲಿ ನಿಗದಿ ಮಾಡಲು ಈ ವ್ಯಾಖ್ಯೆಯನ್ನು ಯಾರಾದರೂ ಹಿಡಿದು ಹೊರಟರೆ ಅದು ಅನ್ಯಾಯವೇ ಆದೀತು.

ಇದನ್ನು ಬಹಳ ಮೊದಲೇ ಗಮನಿಸಿದವನು ಷಾರ್ಲ್ ಕೂಲಂಬ್. ವಿದ್ಯುದಾವೇಶಗಳ ನಿಯಮದಿಂದ ಹೆಸರಾದ ಇವನೇ 18ನೆಯ ಶತಮಾನದ ಕೊನೆಯಲ್ಲಿ ಮನುಷ್ಯರ ದಿನದ ದುಡಿಮೆಯನ್ನೂ ಅಳೆದ. ಬರಿಗೈಯಲ್ಲಿ ಮೆಟ್ಟಿಲು ಹತ್ತುವವನು ತನ್ನ ಮೈಯನ್ನೇ ಎತ್ತಿಕೊಂಡು ದಿನಕ್ಕೆ ಮಾಡುವ ಒಟ್ಟು ಕೆಲಸ, ಹೊರೆ ಹೊತ್ತು ಹತ್ತುವವನದಕ್ಕಿಂತ ಹೆಚ್ಚು ಎಂದು ಅವನಿಗೆ ಕಂಡಿತು. ಹೊರೆ ಹೆಚ್ಚಾದಂತೆ ಹತ್ತುವ ಎತ್ತರ ಕುಸಿಯುತ್ತದೆ; ಹೊರೆ ಇಲ್ಲದಿದ್ದರೆ ಮಾಲೀಕನಿಗೆ ಲಾಭವಿಲ್ಲ. ಎರಡರ ನಡುವೆ ಒಂದು ಹದವಾದ ಹೊರೆ ಇದೆ. ಬಾವಿಯ ಕಪಿಲೆಯಲ್ಲಿ ಎತ್ತುಗಳನ್ನು ಇಳಿಜಾರಿನಲ್ಲಿ ಕೆಳಮುಖವಾಗಿ ನಡೆಸುವ ಪದ್ಧತಿಯ ಜಾಣತನವೂ ಇಂಥದ್ದೇ. ತೊಗಲಿನ ದೊಡ್ಡ ಚೀಲ ಮೇಲೇರುವಾಗ ಎತ್ತಿನ ಸ್ವಂತ ಭಾರ ಎಳೆತಕ್ಕೆ ನೆರವಾಗುತ್ತದೆ. ಚೀಲ ಖಾಲಿಯಾದ ಮೇಲೆ ಎತ್ತು ನಿಧಾನವಾಗಿ ತನ್ನ ಮೈಯನ್ನಷ್ಟೇ ದಿಬ್ಬಕ್ಕೆ ಏರಿಸಿಕೊಳ್ಳುತ್ತದೆ.

ಓರೆಯಾಗಿ ಎಳೆದಾಗ

ಬಲ ಮತ್ತು ಚಲನೆ ಒಂದೇ ದಿಕ್ಕಿನಲ್ಲಿರುವುದು ಅಪರೂಪ. ನೊಗದಿಂದ ನೇಗಿಲಿಗೆ ಇಳಿಯುವ ಎಳೆತ ಓರೆ. ನೇಗಿಲು ಸಾಗುವುದು ನೆಲಕ್ಕೆ ಸಮಾಂತರವಾಗಿ. ಆಗ ಬಲದಲ್ಲಿ ಚಲನೆಯ ದಿಕ್ಕಿಗೆ ಬೀಳುವ ಪಾಲನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು. ಸೂತ್ರ ಹೀಗಾಗುತ್ತದೆ:

ಕೆಲಸ = ಬಲ × ಸ್ಥಾನಪಲ್ಲಟ × ಅವೆರಡರ ನಡುವಿನ ಕೋನದ ಕೊಸೈನ್

ಒಂದು ಜೋಡಿ ಎತ್ತು 750 ನ್ಯೂಟನ್ ಬಲದಿಂದ, ನೆಲಕ್ಕೆ 20 ಡಿಗ್ರಿ ಓರೆಯಲ್ಲಿ ನೇಗಿಲು ಎಳೆಯುತ್ತವೆ ಎನ್ನೋಣ. 20 ಡಿಗ್ರಿಯ ಕೊಸೈನ್ 0.94; ಉಪಯೋಗಕ್ಕೆ ಬರುವ ಪಾಲು 705 ನ್ಯೂಟನ್. ಸಾಲಿನಿಂದ ಸಾಲಿಗೆ 20 ಸೆಂಟಿಮೀಟರ್ ಹಿಡಿದರೆ ಒಂದು ಎಕರೆ, ಅಂದರೆ 4,047 ಚದರ ಮೀಟರ್, ಉಳುವುದಕ್ಕೆ ಎತ್ತುಗಳು ನಡೆಯಬೇಕಾದ ದೂರ 20 ಕಿಲೋಮೀಟರಿಗಿಂತ ಹೆಚ್ಚು. 705ನ್ನು 20,235ರಿಂದ ಗುಣಿಸಿದಾಗ ಸುಮಾರು 1 ಕೋಟಿ 43 ಲಕ್ಷ ಜೌಲ್ ಬರುತ್ತದೆ. ವಿದ್ಯುತ್ತಿನ ಭಾಷೆಯಲ್ಲಿ ಹೇಳಿದರೆ 4 ಯೂನಿಟ್. ಇಡೀ ಎಕರೆಯ ಉಳುಮೆ, ಎತ್ತು ಮತ್ತು ರೈತನ ಹಗಲಿಡೀ ಬವಣೆ, ಕೆಲವೇ ಯೂನಿಟ್ ಕರೆಂಟಿನೊಳಗೆ ಮುಗಿದುಹೋಗುವುದನ್ನು ಕಂಡರೆ ಕಳೆದ ಕೆಲವು ದಶಕಗಳಲ್ಲಿ ಹಳ್ಳಿಗಳಿಂದ ಎತ್ತುಗಳು ಏಕೆ ಮರೆಯಾಗುತ್ತಾ ಬಂದವು ಎಂಬುದು ಅರ್ಥವಾಗುತ್ತದೆ.

ಕೋನ 90 ಡಿಗ್ರಿ ಮುಟ್ಟಿದರೆ ಕೊಸೈನ್ ಸೊನ್ನೆ. ಹಮಾಲಿಯ ಪೆಟ್ಟಿಗೆಯ ಕತೆ ಅದೇ. ಕೋನ 90ನ್ನು ದಾಟಿದರೆ ಕೊಸೈನ್ ಋಣ, ಕೆಲಸವೂ ಋಣ. ಘರ್ಷಣೆ, ಬ್ರೇಕು, ಗಾಳಿಯ ತಡೆ ಇವೆಲ್ಲ ಚಲನೆಗೆ ಎದುರು ನಿಲ್ಲುವ ಬಲಗಳಾದ್ದರಿಂದ ವಸ್ತುವಿನಿಂದ ಶಕ್ತಿಯನ್ನು ಕಿತ್ತುಕೊಳ್ಳುತ್ತವೆ. 12 ಟನ್ ತೂಗುವ ಬಸ್ಸು 500 ಮೀಟರ್ ಘಟ್ಟ ಇಳಿದಾಗ ಗುರುತ್ವ ಅದರ ಮೇಲೆ ಮಾಡುವ ಕೆಲಸ 5 ಕೋಟಿ 88 ಲಕ್ಷ ಜೌಲ್. ಬಸ್ಸಿನ ವೇಗ ಏರಬಾರದಿದ್ದರೆ ಅಷ್ಟೇ ಮೊತ್ತದ ಋಣ ಕೆಲಸವನ್ನು ಇತರ ಬಲಗಳು ಮಾಡಬೇಕು. ಅಷ್ಟು ಶಾಖದಲ್ಲಿ 180 ಲೀಟರಿಗೂ ಹೆಚ್ಚು ನೀರು ಕುದಿಬಿಂದು ಮುಟ್ಟುತ್ತದೆ. ಅದನ್ನೆಲ್ಲ ಬ್ರೇಕಿನ ಮೇಲೆ ಹೇರಿದರೆ ಬ್ರೇಕು ಕಾದು ಹಿಡಿತ ಬಿಡುತ್ತದೆ. ಹಾಗಾಗಿಯೇ ಅನುಭವಿ ಚಾಲಕರು ಕೆಳಗಿನ ಗೇರಿನಲ್ಲಿ ಇಳಿಸಿ ಎಂಜಿನ್ನಿನಿಂದಲೇ ತಡೆ ಕೊಡಿಸುತ್ತಾರೆ. ನಮ್ಮ ಮೆಟ್ರೋದ ರೈಲುಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನಿಲ್ಲುವಾಗ ಮೋಟಾರನ್ನು ಜನರೇಟರಾಗಿಸಿ ಆ ಶಕ್ತಿಯ ಒಂದು ಪಾಲನ್ನು ವಿದ್ಯುತ್ತಾಗಿ ಹಿಂದಿರುಗಿಸುತ್ತವೆ.

ಬಲವೂ ಸ್ಥಾನಪಲ್ಲಟವೂ ದಿಕ್ಕುಳ್ಳ ಪರಿಮಾಣಗಳು, ಅಂದರೆ ಸದಿಶಗಳು. ಅವುಗಳ ಗುಣಲಬ್ಧವಾದ ಕೆಲಸಕ್ಕೆ ಮಾತ್ರ ದಿಕ್ಕಿಲ್ಲ, ಅದು ಅದಿಶ. ಮೇಲಕ್ಕೆ ಮಾಡಿದ್ದು, ಅಡ್ಡಕ್ಕೆ ಮಾಡಿದ್ದು, ಸುತ್ತುಬಳಸಿ ಮಾಡಿದ್ದು ಎಲ್ಲವನ್ನೂ ಮಾಮೂಲು ಸಂಖ್ಯೆಗಳಂತೆ ಕೂಡಿಸಬಹುದು, ಕಳೆಯಬಹುದು. ಬಲಗಳ ಚಿತ್ರ ಬಿಡಿಸಿ ತಲೆ ಕೆಡಿಸಿಕೊಳ್ಳಬೇಕಾದ ಎಷ್ಟೋ ಸಮಸ್ಯೆಗಳು ಕೆಲಸದ ದಾರಿಯಲ್ಲಿ ನಾಲ್ಕು ಸಾಲಿನಲ್ಲಿ ಬಗೆಹರಿಯುವುದು ಇದರಿಂದಲೇ.

ಇನ್ನೊಂದು ಸೂಕ್ಷ್ಮವಿದೆ. ಕೆಲಸದ ಮೊತ್ತ ನೋಡುವವನನ್ನು ಅವಲಂಬಿಸಿದೆ. ಸೆಕೆಂಡಿಗೆ 20 ಮೀಟರ್ ಓಡುವ ರೈಲಿನೊಳಗೆ ಪ್ರಯಾಣಿಕನೊಬ್ಬ ಚೀಲವನ್ನು 20 ನ್ಯೂಟನ್ ಬಲದಿಂದ ರೈಲು ಹೋಗುವ ಕಡೆಗೇ 2 ಸೆಕೆಂಡಿನಲ್ಲಿ 2 ಮೀಟರ್ ತಳ್ಳಿದರೆ ಅವನ ಲೆಕ್ಕ 40 ಜೌಲ್. ಹೊರಗೆ ನಿಂತವನಿಗೆ ಚೀಲ 42 ಮೀಟರ್ ಸರಿದಿದೆ, ಅವನ ಲೆಕ್ಕ 840 ಜೌಲ್. ಇಬ್ಬರೂ ಸರಿಯೇ. ಚೀಲದ ಚಲನಶಕ್ತಿಯಲ್ಲಿ ಆದ ಬದಲಾವಣೆಯನ್ನೂ ಇಬ್ಬರೂ ತಮ್ಮ ತಮ್ಮ ಕಡೆಯಿಂದಲೇ ಅಳೆಯುವುದರಿಂದ ಇಬ್ಬರ ಪುಸ್ತಕವೂ ತಾಳೆಯಾಗುತ್ತದೆ.

ಬಲ ಬದಲಾಗುತ್ತಿದ್ದರೆ

ಸ್ಪ್ರಿಂಗನ್ನು ಒತ್ತುವಾಗ ಮೊದಲು ಹಗುರ, ಆಮೇಲೆ ಬಿಗಿ. ಒತ್ತಿದ ದೂರಕ್ಕೆ ತಕ್ಕಂತೆ ಬಲ ಏರುತ್ತಾ ಹೋಗುತ್ತದೆ ಎಂಬುದು ರಾಬರ್ಟ್ ಹುಕ್ ಹೇಳಿದ ನಿಯಮ. ಆಗ ಯಾವ ಬಲವನ್ನು ದೂರದಿಂದ ಗುಣಿಸುವುದು? ದಾರಿಯನ್ನು ಚಿಕ್ಕ ಚಿಕ್ಕ ತುಣುಕು ಮಾಡಿ, ಪ್ರತಿ ತುಣುಕಿನಲ್ಲೂ ಬಲ ಸ್ಥಿರವೆಂದು ಹಿಡಿದು, ಎಲ್ಲವನ್ನೂ ಕೂಡಿಸುವುದು ಉಪಾಯ. ಬಲ ಮತ್ತು ದೂರಗಳ ನಕ್ಷೆ ಬರೆದರೆ ಗೆರೆಯ ಕೆಳಗಿನ ವಿಸ್ತೀರ್ಣವೇ ಕೆಲಸ. ಸ್ಪ್ರಿಂಗಿಗೆ ಆ ವಿಸ್ತೀರ್ಣ ಒಂದು ತ್ರಿಕೋನ. ಸೂತ್ರದಲ್ಲಿ ಅರ್ಧ ಕಾಣಿಸಿಕೊಳ್ಳುವುದು ಅದರಿಂದ. ಒಂದು ಮೀಟರಿಗೆ 2,000 ನ್ಯೂಟನ್ ಬಿಗಿಯಿರುವ ಸ್ಪ್ರಿಂಗನ್ನು 10 ಸೆಂಟಿಮೀಟರ್ ಒತ್ತಿದರೆ ½ × 2,000 × 0.1 × 0.1, ಅಂದರೆ 10 ಜೌಲ್. ಗೆರೆ ಅಂಕುಡೊಂಕಾಗಿದ್ದರೆ ಅನುಕಲನ ಬೇಕು.

ಈ ವಿಸ್ತೀರ್ಣವನ್ನು ಯಂತ್ರದಿಂದಲೇ ಬರೆಸಿದ್ದು ವ್ಯಾಟ್‌ನ ಸಹಾಯಕ ಜಾನ್ ಸದರ್ನ್. 1796ರ ಸುಮಾರಿಗೆ ಅವನು ಎಂಜಿನ್ನಿನ ಸಿಲಿಂಡರಿಗೆ ಒಂದು ಪೆನ್ಸಿಲ್ ಜೋಡಿಸಿದ. ಉಗಿಯ ಒತ್ತಡ ಏರಿಳಿದಂತೆ ಪೆನ್ಸಿಲ್ ಮೇಲೆ ಕೆಳಗೆ ಆಡುತ್ತಿತ್ತು, ಪಿಸ್ಟನ್ ಹೋಗಿ ಬಂದಂತೆ ಕಾಗದ ಅತ್ತಿತ್ತ ಸರಿಯುತ್ತಿತ್ತು. ಒಂದು ಸುತ್ತು ಮುಗಿಯುವಷ್ಟರಲ್ಲಿ ಕಾಗದದ ಮೇಲೆ ಒಂದು ಮುಚ್ಚಿದ ಆಕೃತಿ ಮೂಡುತ್ತಿತ್ತು. ಅದರ ಒಳಗಿನ ಜಾಗವೇ ಆ ಸುತ್ತಿನಲ್ಲಿ ಉಗಿ ಮಾಡಿದ ಕೆಲಸ. ಕಂಪನಿ ಇದನ್ನು ವರ್ಷಗಟ್ಟಲೆ ವ್ಯಾಪಾರದ ಗುಟ್ಟಾಗಿ ಕಾಪಾಡಿಕೊಂಡಿತ್ತು. 1834ರಲ್ಲಿ ಕ್ಲಾಪೆರಾನ್, ಸಾಡಿ ಕಾರ್ನೋನ ಶಾಖಯಂತ್ರದ ಸಿದ್ಧಾಂತವನ್ನು ವಿವರಿಸಿದ್ದು ಇಂಥ ಒತ್ತಡ-ಗಾತ್ರದ ನಕ್ಷೆಯ ಮೇಲೆಯೇ.

ಅದೇ ನಕ್ಷೆ ಈಗ ಹೃದ್ರೋಗ ತಜ್ಞರ ಕೈಯಲ್ಲೂ ಇದೆ. ದ್ರವ ಅಥವಾ ಅನಿಲ ಒತ್ತಡದ ವಿರುದ್ಧ ಹಿಗ್ಗಿದಾಗ ಇಲ್ಲವೇ ಹೊರಬಿದ್ದಾಗ ಕೆಲಸವೆಂದರೆ ಒತ್ತಡವನ್ನು ಗಾತ್ರದ ಬದಲಾವಣೆಯಿಂದ ಗುಣಿಸಿದ್ದು. ಹೃದಯದ ಎಡ ಹೃತ್ಕುಕ್ಷಿ ಪ್ರತಿ ಬಡಿತಕ್ಕೆ ಸುಮಾರು 70 ಮಿಲಿಲೀಟರ್ ರಕ್ತವನ್ನು, ಸರಾಸರಿ 100 ಮಿಲಿಮೀಟರ್ ಪಾದರಸದ ಒತ್ತಡಕ್ಕೆ ಎದುರಾಗಿ ಹೊರದಬ್ಬುತ್ತದೆ. ಗುಣಿಸಿದರೆ ಒಂದು ಬಡಿತಕ್ಕೆ ಸರಿಸುಮಾರು ಒಂದು ಜೌಲ್. ದಿನಕ್ಕೆ ಒಂದು ಲಕ್ಷ ಬಡಿತ, ಒಂದು ಲಕ್ಷ ಜೌಲ್. ಒಂದು ಯೂನಿಟ್ ವಿದ್ಯುತ್ತಿನ ಮೂವತ್ತಾರನೇ ಒಂದು ಭಾಗ.

ವೇಗದ ವರ್ಗ

ಮಾಡಿದ ಕೆಲಸ ಎಲ್ಲಿಗೆ ಹೋಯಿತು? ಎತ್ತಿದ ಭಾರದಲ್ಲಾದರೆ ಎತ್ತರವಾಗಿ, ಒತ್ತಿದ ಸ್ಪ್ರಿಂಗಿನಲ್ಲಾದರೆ ಬಿಗಿತವಾಗಿ ಕೂತಿರುತ್ತದೆ, ಇದು ಪ್ರಚ್ಛನ್ನಶಕ್ತಿ. ತಡೆಯೇ ಇಲ್ಲದಲ್ಲಿ ತಳ್ಳಿದರೆ ವೇಗವಾಗುತ್ತದೆ. ವಸ್ತುವಿನ ಮೇಲೆ ಎಲ್ಲ ಬಲಗಳೂ ಸೇರಿ ಮಾಡಿದ ನಿವ್ವಳ ಕೆಲಸ ಅದರ ಚಲನಶಕ್ತಿಯ ಬದಲಾವಣೆಗೆ ಸಮ ಎಂಬುದು ಕೆಲಸ-ಶಕ್ತಿ ಪ್ರಮೇಯ. ಚಲನಶಕ್ತಿಯ ಸೂತ್ರ ½ × ರಾಶಿ × ವೇಗದ ವರ್ಗ.

ವೇಗವೋ ವೇಗದ ವರ್ಗವೋ ಎಂಬ ಪ್ರಶ್ನೆ ಯೂರೋಪಿನ ಪಂಡಿತರನ್ನು ದಶಕಗಳ ಕಾಲ ಕಾದಾಡಿಸಿತು. ದೆಕಾರ್ತ್‌ನ ಅನುಯಾಯಿಗಳಿಗೆ ಚಲನೆಯ ಅಳತೆ ರಾಶಿ ಮತ್ತು ವೇಗಗಳ ಗುಣಲಬ್ಧ. 1686ರಲ್ಲಿ ಲೈಬ್ನಿಟ್ಸ್ ಇದನ್ನು ಅಲ್ಲಗಳೆದದ್ದು ಮತ್ತದೇ ಭಾರ ಎತ್ತುವ ತರ್ಕದಿಂದ: ಒಂದು ಪೌಂಡನ್ನು ನಾಲ್ಕು ಮೊಳ ಎತ್ತುವುದೂ ನಾಲ್ಕು ಪೌಂಡನ್ನು ಒಂದು ಮೊಳ ಎತ್ತುವುದೂ ಒಂದೇ ಆದರೆ, ಅಷ್ಟೆತ್ತರದಿಂದ ಬಿದ್ದಾಗ ಎರಡೂ ಗಳಿಸುವುದು ಸಮವಾಗಿರಬೇಕು. ನಾಲ್ಕು ಮೊಳ ಬಿದ್ದದ್ದರ ವೇಗ ಒಂದು ಮೊಳ ಬಿದ್ದದ್ದರ ಎರಡರಷ್ಟೇ ಇರುವುದರಿಂದ ವೇಗದ ವರ್ಗ ತೆಗೆದುಕೊಂಡರೆ ಮಾತ್ರ ಲೆಕ್ಕ ಹೊಂದುತ್ತದೆ. ಡಚ್ ವಿಜ್ಞಾನಿ ಸ್‌ಗ್ರಾವೆಸಾಂಡೆ 1720ರ ದಶಕದಲ್ಲಿ ಹಿತ್ತಾಳೆಯ ಗುಂಡುಗಳನ್ನು ಮೆದು ಜೇಡಿಮಣ್ಣಿನ ಮೇಲೆ ಬೀಳಿಸಿ ಗುಳಿಗಳನ್ನು ಅಳೆದ. ವೇಗ ಇಮ್ಮಡಿಯಾದಾಗ ಗುಳಿ ನಾಲ್ಕರಷ್ಟಾಯಿತು. ಎಮಿಲಿ ದು ಶಾತ್ಲೆ 1740ರ ತನ್ನ ಭೌತವಿಜ್ಞಾನದ ಪುಸ್ತಕದಲ್ಲಿ ಲೈಬ್ನಿಟ್ಸನ ಪರ ವಾದಿಸಿ ಈ ಪ್ರಯೋಗಕ್ಕೆ ಪ್ರಚಾರ ತಂದಳು. ನ್ಯೂಟನ್ನನ ಮಹಾಗ್ರಂಥವನ್ನು ಫ್ರೆಂಚಿಗೆ ತಂದವಳೂ ಇವಳೇ. ಸೂತ್ರದ ಮುಂದೆ ಅರ್ಧವನ್ನು ಸೇರಿಸಿ ಅದನ್ನು ಕೆಲಸದೊಂದಿಗೆ ನೇರವಾಗಿ ಹೊಂದಿಸಿದವನು ಮೇಲೆ ಬಂದ ಕೊರಿಯೊಲಿ.

ರಸ್ತೆಯಲ್ಲಿ ಈ ವರ್ಗ ಪ್ರಾಣದ ಪ್ರಶ್ನೆ. ಒಂದು ಟನ್ ಕಾರು ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿದ್ದಾಗ ಅದರ ಚಲನಶಕ್ತಿ 50,000 ಜೌಲ್. 5,000 ನ್ಯೂಟನ್ ತಡೆ ಕೊಟ್ಟರೆ 10 ಮೀಟರಿನಲ್ಲಿ ನಿಲ್ಲುತ್ತದೆ. ವೇಗ 72 ಆದರೆ ಅದೇ ಬ್ರೇಕಿಗೆ 40 ಮೀಟರ್ ಬೇಕು. ಚಾಲಕ ಅಪಾಯವನ್ನು ಕಂಡು ಕಾಲು ಎತ್ತುವಷ್ಟರಲ್ಲಿ ಕಳೆದುಹೋಗುವ ದೂರ ಬೇರೆ.

ದಾರಿ ಯಾವುದಾದರೇನು

200 ಕಿಲೋ ಪೀಪಾಯಿಯನ್ನು 1.2 ಮೀಟರ್ ಎತ್ತರದ ಲಾರಿಗೆ ಏರಿಸಲು 2,352 ಜೌಲ್ ಬೇಕು. ಎತ್ತಿ ಇಡುವುದಾದರೆ 1,960 ನ್ಯೂಟನ್ ಬಲ. 3.6 ಮೀಟರ್ ಉದ್ದದ ಹಲಗೆ ಇಟ್ಟು ಉರುಳಿಸಿದರೆ ಮೂರನೇ ಒಂದು ಭಾಗ ಬಲ ಸಾಕು, ದೂರ ಮೂರು ಪಟ್ಟು. ಹಲಗೆ, ಸನ್ನೆ, ಸಾಲು ರಾಟೆ, ಸ್ಕ್ರೂ ಜಾಕ್ ಯಾವುದೇ ಇರಲಿ, ಬಲ ಉಳಿಸಿ ದೂರ ಕೇಳುತ್ತವೆ, ಕೆಲಸವನ್ನು ಉಳಿಸುವುದಿಲ್ಲ. ಘರ್ಷಣೆಯಿಂದಾಗಿ ತುಸು ಹೆಚ್ಚೇ ಕೇಳುತ್ತವೆ. ಬಾವಿಯ ಒಂಟಿ ರಾಟೆಯಂತೂ ಬಲವನ್ನೂ ಉಳಿಸದು, ಎಳೆಯುವ ದಿಕ್ಕನ್ನು ಬದಲಿಸಿ ಅನುಕೂಲ ಮಾಡುತ್ತದೆ ಅಷ್ಟೆ.

ಗುರುತ್ವದ ವಿರುದ್ಧ ಮಾಡಿದ ಕೆಲಸಕ್ಕೆ ಆರಂಭ ಮತ್ತು ಕೊನೆಯ ಎತ್ತರಗಳಷ್ಟೇ ಮುಖ್ಯ. ಶ್ರವಣಬೆಳಗೊಳದ ವಿಂಧ್ಯಗಿರಿ ಸುತ್ತಲ ನೆಲದಿಂದ ಸುಮಾರು 143 ಮೀಟರ್ ಎತ್ತರ. 60 ಕಿಲೋ ತೂಕದವರು ಮೆಟ್ಟಿಲ ಮೇಲೆ ನೇರವಾಗಿ ಹತ್ತಲಿ, ಹಾವಿನಂತೆ ಓರೆಯಾಗಿ ಹತ್ತಲಿ, ಗುರುತ್ವದ ವಿರುದ್ಧದ ಕೆಲಸ ಸುಮಾರು 84,000 ಜೌಲ್, ಅಂದರೆ 20 ಕಿಲೋಕ್ಯಾಲರಿ. ಸ್ನಾಯುಗಳ ದಕ್ಷತೆ ನೂರಕ್ಕೆ 20ರಿಂದ 25 ಇರುವುದರಿಂದ ದೇಹ ಖರ್ಚು ಮಾಡುವುದು 80ರಿಂದ 100 ಕಿಲೋಕ್ಯಾಲರಿ. ಬೆಟ್ಟ ಹತ್ತಿ ಮೈ ಇಳಿಸುವ ಆಸೆಯವರಿಗೆ ಈ ಸಂಖ್ಯೆ ಅಷ್ಟೇನೂ ಹಿತವಲ್ಲ. ಹೀಗೆ ದಾರಿಯನ್ನು ಲೆಕ್ಕಿಸದ ಬಲಗಳಿಗೆ ಸಂರಕ್ಷಕ ಬಲಗಳೆಂದು ಹೆಸರು. ಸ್ಪ್ರಿಂಗಿನ ಬಲ, ಸ್ಥಾಯೀ ವಿದ್ಯುದ್ಬಲ ಇದೇ ಗುಂಪಿನವು. ಘರ್ಷಣೆ ಮಾತ್ರ ಪ್ರತಿ ಮೀಟರಿಗೂ ಸುಂಕ ವಸೂಲಿ ಮಾಡುತ್ತದೆ.

ಸುಂಕ ಹೋಗುವುದೆಲ್ಲಿಗೆ ಎಂದು ಅಳೆದು ತೋರಿಸಿದವನು ಸಾಲ್ಫರ್ಡಿನ ಬಿಯರ್ ತಯಾರಕರ ಮನೆಯ ಜೇಮ್ಸ್ ಪ್ರೆಸ್ಕಾಟ್ ಜೌಲ್. ತೂಕದ ಗುಂಡುಗಳು ಕೆಳಗಿಳಿಯುತ್ತಾ ದಾರ ಎಳೆದು, ನೀರಿನ ಪಾತ್ರೆಯೊಳಗೆ ಹುಟ್ಟಿನಂಥ ಅಲಗುಗಳನ್ನು ತಿರುಗಿಸುವ ಸಲಕರಣೆ ಅವನದು. ಇಪ್ಪತ್ತು ಸಲ ಇಳಿಸಿದರೂ ನೀರು ಬಿಸಿಯಾದದ್ದು ಅರ್ಧ ಡಿಗ್ರಿ ಫ್ಯಾರನ್‌ಹೀಟ್‌ನ ಆಸುಪಾಸು. ಅಷ್ಟು ಸಣ್ಣ ಏರಿಕೆಯನ್ನು ನಂಬಬಲ್ಲಂಥ ಉಷ್ಣಮಾಪಕಗಳು ಅವನ ಬಳಿ ಇದ್ದವು. ಒಂದು ಪೌಂಡ್ ನೀರನ್ನು ಒಂದು ಡಿಗ್ರಿ ಫ್ಯಾರನ್‌ಹೀಟ್ ಬಿಸಿ ಮಾಡಲು 772 ಅಡಿ-ಪೌಂಡ್ ಕೆಲಸ ಬೇಕೆಂದು 1850ರಲ್ಲಿ ಪ್ರಕಟಿಸಿದ; ಇಂದಿನ ಮೌಲ್ಯ 778ರ ಹತ್ತಿರ. 1847ರಲ್ಲಿ ಆಲ್ಪ್ಸ್ ಪರ್ವತದ ಶಾಮೊನಿ ಬಳಿ ಮಧುಚಂದ್ರಕ್ಕೆ ಬಂದಿದ್ದ ಜೌಲ್ ಉದ್ದನೆಯ ಉಷ್ಣಮಾಪಕ ಹಿಡಿದು ಎದುರಾದ, ಜಲಪಾತದ ಬುಡದಲ್ಲಿ ನೀರು ಬೆಚ್ಚಗಾಗಿದೆಯೇ ಎಂದು ನೋಡುವುದು ಅವನ ಇರಾದೆ ಎಂದು ಮುಂದೆ ಲಾರ್ಡ್ ಕೆಲ್ವಿನ್ ಆದ ಥಾಮ್ಸನ್ ಹೇಳುತ್ತಿದ್ದ. ಕತೆಗೆ ಉಪ್ಪುಖಾರ ಬೆರೆತಿರಬಹುದು. ಜೋಗದ 253 ಮೀಟರಿಗೆ ಅದೇ ಲೆಕ್ಕ ಹಾಕಿದರೆ ಕೆಳಗಿನ ನೀರು ಮೇಲಿನದಕ್ಕಿಂತ 0.6 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿರಬೇಕು. ತುಂತುರಾಗಿ ಆರಿಹೋಗುವ ನೀರು ಈ ಅಳತೆಯನ್ನು ಹಾಳುಮಾಡುತ್ತದೆ. 1882ರಲ್ಲಿ ವಿಲಿಯಂ ಸೀಮೆನ್ಸ್ ಸೂಚಿಸಿದಂತೆ ಕೆಲಸದ ಮಾನಕ್ಕೂ ಶಾಖದ ಮಾನಕ್ಕೂ ಜೌಲ್‌ನ ಹೆಸರು ನಿಂತಿತು.

ಕೆಲಸ ಎಷ್ಟು ಬೇಗ ಆಯಿತು ಎಂಬುದು ಬೇರೆ ಪರಿಮಾಣ: ಸಾಮರ್ಥ್ಯ. ಒಂದು ಸೆಕೆಂಡಿಗೆ ಒಂದು ಜೌಲ್ ಆದರೆ ಒಂದು ವ್ಯಾಟ್. ವಿಂಧ್ಯಗಿರಿಯನ್ನು ಇಪ್ಪತ್ತು ನಿಮಿಷದಲ್ಲಿ ಹತ್ತಿದವರದು 70 ವ್ಯಾಟ್, ಹತ್ತು ನಿಮಿಷದಲ್ಲಿ ಹತ್ತಿದವರದು 140. ಶರಾವತಿ ವಿದ್ಯುದಾಗಾರದ ಸ್ಥಾಪಿತ ಸಾಮರ್ಥ್ಯ 1,035 ಮೆಗಾವ್ಯಾಟ್.

ವ್ಯಾಖ್ಯೆ ಸರಳವಾದರೂ ಅದನ್ನು ಹಚ್ಚುವಾಗ ಪಂಡಿತರೂ ಎಡವುವ ಜಾಗಗಳಿವೆ. ಕಾರು ವೇಗ ಹೆಚ್ಚಿಸಿಕೊಳ್ಳುವಾಗ ಅದನ್ನು ಮುಂದೆ ತಳ್ಳುವ ಹೊರಗಿನ ಬಲವೆಂದರೆ ರಸ್ತೆ ಟೈರಿನ ಮೇಲೆ ಹಾಕುವ ಘರ್ಷಣೆಯೊಂದೇ. ಆದರೆ ಜಾರದೆ ಉರುಳುವ ಟೈರಿನ ಯಾವ ಬಿಂದು ನೆಲಕ್ಕೆ ತಾಗಿದೆಯೋ ಅದು ಆ ಕ್ಷಣ ಸ್ಥಿರ. ಬಲ ವರ್ತಿಸುವ ಜಾಗ ಸರಿಯದ ಕಾರಣ ರಸ್ತೆ ಮಾಡಿದ ಕೆಲಸ ಸೊನ್ನೆ. ಚಲನಶಕ್ತಿ ಬಂದದ್ದು ಪೆಟ್ರೋಲಿನಿಂದ. ಬಲವನ್ನು ಕಾರಿನ ರಾಶಿಕೇಂದ್ರ ಸರಿದ ದೂರದಿಂದ ಗುಣಿಸಿದರೆ ಉತ್ತರವೇನೋ ಚಲನಶಕ್ತಿಯ ಏರಿಕೆಗೆ ಸರಿಯಾಗಿ ಹೊಂದುತ್ತದೆ. ಆದರೂ ಆ ಗುಣಲಬ್ಧ ರಸ್ತೆಯಿಂದ ಕಾರಿಗೆ ಹರಿದ ಶಕ್ತಿಯಲ್ಲ. ನಡೆಯುವ ಮನುಷ್ಯ, ಹಾರಿ ಎದ್ದ ಕಬಡ್ಡಿ ಆಟಗಾರ, ನೆಲವನ್ನು ಒದ್ದು ಓಡುವ ಕುದುರೆ ಎಲ್ಲರ ಸ್ಥಿತಿಯೂ ಇದೇ. ವಸ್ತುವನ್ನು ಬಿಂದುವೆಂದು ಹಿಡಿದಾಗಿನ ಸೂತ್ರವನ್ನು, ಒಳಗೆ ಎಂಜಿನ್ನೋ ಸ್ನಾಯುವೋ ಇರುವ, ಆಕಾರ ಬದಲಿಸುವ ವಸ್ತುವಿಗೆ ಹಾಗೇ ಹಚ್ಚಬಹುದೇ ಎಂಬುದು ಭೌತವಿಜ್ಞಾನದ ಅಧ್ಯಾಪಕರ ನಡುವೆ ಹಲವು ದಶಕಗಳಿಂದ ಚರ್ಚೆಯಲ್ಲಿದೆ. ಉಷ್ಣಗತಿವಿಜ್ಞಾನದ ಮೊದಲ ನಿಯಮ ಬರೆಯುವಾಗ ಭೌತವಿಜ್ಞಾನದ ಪುಸ್ತಕಗಳು ಅನಿಲ ಮಾಡಿದ ಕೆಲಸವನ್ನು ಧನವೆಂದೂ ರಸಾಯನವಿಜ್ಞಾನದ ಪುಸ್ತಕಗಳು ಅನಿಲದ ಮೇಲೆ ಮಾಡಿದ ಕೆಲಸವನ್ನು ಧನವೆಂದೂ ಹಿಡಿಯುವ ರೂಢಿಯೊಂದಿದೆ. ಪಿ.ಯು.ಸಿ. ವಿದ್ಯಾರ್ಥಿಗಳು ಒಂದೇ ವರ್ಷ ಎರಡನ್ನೂ ಓದುತ್ತಾರೆ.